ಮೈನ್ಸ್ ಬಂದ್ ಆದ ವರ್ಷ ನಾವು ಸೈಟು ಮಾರಿದ್ದು

ಆಗ ನಾನು ಬಳ್ಳಾರಿಯ ಒಂದು ಲಾರಿ ಟೈರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಊರಿನಲ್ಲಿ ದುಡ್ಡು ಓಡಾಡುತ್ತಿದೆಯೋ ಇಲ್ಲವೋ ಅನ್ನೋದು ಬ್ಯಾಂಕಿನವರಿಗಿಂತ ಮೊದಲು ಟೈರ್ ಅಂಗಡಿಯವರಿಗೆ ಗೊತ್ತಾಗುತ್ತದೆ. ಸಂಡೂರು ಕಡೆಯ ಅದಿರು ಲಾರಿಗಳಿಗೆ ಬಾಡಿಗೆ ಕಮ್ಮಿ ಆದರೆ ಮೊದಲು ಹೊಸ ಟೈರು ಹಾಕಿಸುವುದು ನಿಲ್ಲುತ್ತದೆ, ಆಮೇಲೆ ಹಳೇ ಟೈರಿಗೆ ರೀಟ್ರೆಡ್ ಮಾಡಿಸುವುದೂ ನಿಲ್ಲುತ್ತದೆ, ಕೊನೆಗೆ ಬಾಕಿ ಕೊಡಬೇಕಾದವರು ಅಂಗಡಿ ಮುಂದೆ ಹಾಯುವುದನ್ನೇ ಬಿಡುತ್ತಾರೆ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿದಾಗಲೇ ನಮ್ಮ ಬಾಕಿ ಪುಸ್ತಕ ದಪ್ಪ ಆಗತೊಡಗಿತ್ತು. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟು ಜಿಲ್ಲೆಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು.

ಆವತ್ತು ಯಾರೂ "ಮುಗೀತು" ಅನ್ನಲಿಲ್ಲ. "ಮೂರು ತಿಂಗಳು ಅಷ್ಟೇ, ಮತ್ತೆ ಓಪನ್ ಆಗ್ತದೆ" ಅಂದರು. ಇದೇ ಮಾತನ್ನು ಮೂರು ತಿಂಗಳಾದ ಮೇಲೂ ಹೇಳುತ್ತಿದ್ದರು.

ನಮ್ಮ ಮನೆ ಸ್ಥಿತಿ ಹೀಗಿತ್ತು. ಕಪ್ಪಗಲ್ ರಸ್ತೆ ಕಡೆ 2009ರಲ್ಲಿ ಕೊಂಡ ಮನೆಗೆ 15 ಲಕ್ಷ ಬ್ಯಾಂಕ್ ಸಾಲ, ನನ್ನ ಮತ್ತು ಅಣ್ಣನ ಹೆಸರಲ್ಲಿ ಜಂಟಿಯಾಗಿ. ಅಣ್ಣನದು ಒಂದು ಲಾರಿ, ಫೈನಾನ್ಸಿನದು. ಅದರ ಜೊತೆಗೆ ಅವನು 2010ರಲ್ಲಿ ಹೊಸಪೇಟೆ ರಸ್ತೆಯ ಲೇಔಟಿನಲ್ಲಿ 9 ಲಕ್ಷಕ್ಕೆ ಒಂದು ಸೈಟು ಹಿಡಿದಿದ್ದ. ನಾಲ್ಕು ಲಕ್ಷ ಕೈಯಿಂದ, ಐದು ಲಕ್ಷ ಎರಡು ರೂಪಾಯಿ ಬಡ್ಡಿಗೆ ತಂದದ್ದು. ಎರಡು ರೂಪಾಯಿ ಅಂದರೆ ನೂರಕ್ಕೆ ತಿಂಗಳಿಗೆ ಎರಡು, ವರ್ಷಕ್ಕೆ 24. ಕೇಳೋಕೆ ಸಣ್ಣದಾಗಿ ಕಾಣುತ್ತದೆ, ಅದಕ್ಕೇ ಹಾಗೆ ಹೇಳುತ್ತಾರೆ ಅಂತ ನನ್ನ ಅನುಮಾನ. ಐದು ಲಕ್ಷಕ್ಕೆ ತಿಂಗಳಿಗೆ ಹತ್ತು ಸಾವಿರ ಬರೀ ಬಡ್ಡಿ. ಲಾರಿ ಓಡುವಾಗ ಅದು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಲಾರಿ ನಿಂತಿತು. ಎರಡು ಕಂತು ತಪ್ಪಿದ ಮೇಲೆ ಅಣ್ಣ ತಾನೇ ಗಾಡಿ ತೆಗೆದುಕೊಂಡು ಹೋಗಿ ಫೈನಾನ್ಸಿನವರ ಯಾರ್ಡಿನಲ್ಲಿ ಬಿಟ್ಟು ಬಂದ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದ. ಆದರೆ ಊರಲ್ಲಿ ಎಲ್ಲರ ಲಾರಿಯೂ ಒಟ್ಟಿಗೇ ಮಾರಾಟಕ್ಕೆ ಬಂದಿತ್ತು. ಯಾರು ಕೊಳ್ಳಬೇಕು? ಹೋದ ರೇಟಿಗೆ ಮಾರಿ, ಉಳಿದ ಬಾಕಿ ಇಷ್ಟು ಕಟ್ಟಿ ಅಂತ ಕಾಗದ ಕಳಿಸಿದರು. ಗಾಡಿಯೂ ಇಲ್ಲ, ಸಾಲವೂ ಹೋಗಿಲ್ಲ. ಆ ಕಾಗದವನ್ನು ಅಣ್ಣ ಮಡಚಿ ಮಡಚಿ ಓದುತ್ತಿದ್ದ.

ದೀಪಾವಳಿ ಪಾಡ್ಯದ ದಿನ ಎಲ್ಲರೂ ಮನೆಯಲ್ಲಿದ್ದೆವು. ಅಮಾವಾಸ್ಯೆಯ ಹಿಂದಿನ ದಿನವಷ್ಟೇ ರಿಸರ್ವ್ ಬ್ಯಾಂಕು ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ನೂರಕ್ಕೆ 8.5ಕ್ಕೆ ಏರಿಸಿತ್ತು. 2010ರ ಮಾರ್ಚಿನಲ್ಲಿ ಅದು 5 ಇತ್ತು, ಅಲ್ಲಿಂದ ಮೇಲೇರುತ್ತಲೇ ಬಂದಿತ್ತು. ನಮ್ಮದು ಬದಲಾಗುವ ಬಡ್ಡಿಯ ಸಾಲ. ಸಾಲ ತೆಗೆದಾಗ 9.5 ಇದ್ದದ್ದು 11.5 ಆಗಿತ್ತು. ಬೆಂಗಳೂರಿಂದ ಹಬ್ಬಕ್ಕೆ ಬಂದಿದ್ದ ಚಿಕ್ಕಪ್ಪನ ಮಗ ಕಾಫಿ ಕುಡಿಯುತ್ತಾ, "ಮನೆ ರೇಟು ಸಾಲಕ್ಕಿಂತ ಕೆಳಗೆ ಹೋದ್ರೆ ಕಟ್ಟೋದ್ಯಾಕೆ? ಅಮೆರಿಕದಲ್ಲಿ 2008ರಲ್ಲಿ ಜನ ಕೀಲಿಕೈ ಬ್ಯಾಂಕಿಗೆ ಕಳಿಸಿ ಹೋಗಿಬಿಟ್ರು" ಅಂದ. ಅಣ್ಣನ ಮುಖ ಒಂದು ಕ್ಷಣ ಅರಳಿತು.

ಅವನು ಹೇಳಿದ್ದು ಸುಳ್ಳಲ್ಲ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳಲ್ಲಿ, ಸ್ವಂತ ವಾಸಕ್ಕೆ ಮನೆ ಕೊಳ್ಳಲು ಮಾಡಿದ ಸಾಲವಾದರೆ, ಬ್ಯಾಂಕು ಮನೆ ಮಾರಿಕೊಳ್ಳಬಹುದು, ಕಮ್ಮಿ ಬಿದ್ದರೆ ಸಾಲಗಾರನನ್ನು ಹಿಡಿಯುವಂತಿಲ್ಲ. ನಮ್ಮಲ್ಲಿ ಹಾಗಿಲ್ಲ. 90 ದಿನ ದಾಟಿ ಬಾಕಿ ಉಳಿದರೆ ಖಾತೆ ವಸೂಲಾಗದ ಸಾಲ, ಅಂದರೆ ಎನ್‌ಪಿಎ ಆಗುತ್ತದೆ. 2002ರ ಸರ್ಫೇಸಿ ಕಾಯ್ದೆಯ ಪ್ರಕಾರ 60 ದಿನದ ನೋಟಿಸು ಬರುತ್ತದೆ, ಆಮೇಲೆ ಮನೆ ವಶ, ಹರಾಜು. ಹರಾಜಿನಲ್ಲಿ ಸಾಲದಷ್ಟು ಬರದಿದ್ದರೆ ಉಳಿದದ್ದನ್ನೂ ನಮ್ಮಿಂದಲೇ ವಸೂಲಿ ಮಾಡಬಹುದು, ಜಾಮೀನು ನಿಂತವರನ್ನೂ ಬಿಡುವುದಿಲ್ಲ. ನಾನು ಇಷ್ಟೆಲ್ಲಾ ಹೇಳುವ ಮೊದಲೇ ಅಪ್ಪ, "ಲಾರಿ ಕಾಗದ ನೋಡಿದ್ಯಲ್ಲಪ್ಪಾ" ಅಂದರು. ಆ ಮಾತು ಅಲ್ಲಿಗೆ ನಿಂತಿತು.

ಆಮೇಲೆ ಅಣ್ಣ ಅಸಲು ವಿಷಯಕ್ಕೆ ಬಂದ. ಅತ್ತಿಗೆಯ ಬಂಗಾರ ಅಡ ಇಟ್ಟರೆ ಸೈಟಿನ ಸಾಲಕ್ಕೆ ಒಂದು ವರ್ಷದ ಬಡ್ಡಿ ಕಟ್ಟಬಹುದು, ಅಷ್ಟರಲ್ಲಿ ಮೈನ್ಸ್ ಓಪನ್ ಆಗುತ್ತದೆ, ಸೈಟಿನ ರೇಟು ಮತ್ತೆ ಬರುತ್ತದೆ. ಆಗ ಬಂಗಾರದ ಬೆಲೆಯೂ ಮೇಲಿತ್ತು, ಅಡ ಇಟ್ಟರೆ ದುಡ್ಡು ಸುಲಭವಾಗಿ ಸಿಗುತ್ತಿತ್ತು. ನಾನು ಸೈಟು ಮಾರೋಣ ಅಂದೆ. ಈಗ ಮಾರಿದರೆ ಮೂರು ಲಕ್ಷ ಲಾಸು, ಹುಚ್ಚಾ ಅಂದ. ಕೊಂಡದ್ದಕ್ಕಿಂತ ಕಮ್ಮಿಗೆ ಯಾರಾದರೂ ಆಸ್ತಿ ಮಾರುತ್ತಾರಾ ಅಂತ ಜೋರು ಮಾಡಿದ.

ಅತ್ತಿಗೆ ಅಲ್ಲಿವರೆಗೆ ಸುಮ್ಮನೆ ಕೂತಿದ್ದರು. "ಒಂದು ಕೇಳ್ತೀನ್ರೀ" ಅಂದರು. "ನಿಮ್ಮ ಹತ್ರ ಆ ಸೈಟು ಇಲ್ಲ ಅಂದ್ಕೊಳ್ರಿ. ಇವತ್ತು ಆರು ಲಕ್ಷಕ್ಕೆ ಸಿಗ್ತೈತೆ ಅಂತ ಬ್ರೋಕರ್ ಬಂದು ಹೇಳ್ತಾನೆ. ಎರಡು ರೂಪಾಯಿ ಬಡ್ಡಿಗೆ ಐದು ಲಕ್ಷ ತಂದು ತಗೊಳ್ತೀರಾ?"

ಅಣ್ಣ ಉತ್ತರ ಕೊಡಲಿಲ್ಲ. ಇಂಥ ಹೊತ್ತಲ್ಲಿ ಯಾರು ಕೊಳ್ಳುತ್ತಾರೆ? ಆದರೆ ಬಡ್ಡಿ ಕಟ್ಟುತ್ತಾ ಸೈಟು ಇಟ್ಟುಕೊಳ್ಳುವುದು ಅಂದರೆ ಪ್ರತಿ ತಿಂಗಳೂ ಅದನ್ನೇ ಮತ್ತೆ ಕೊಂಡ ಹಾಗೆ. ನಾನು ಅಲ್ಲೇ ಕ್ಯಾಲೆಂಡರ್ ಹಿಂದೆ ಲೆಕ್ಕ ಹಾಕಿದೆ. ವರ್ಷಕ್ಕೆ ಬಡ್ಡಿ 1 ಲಕ್ಷ 20 ಸಾವಿರ. ಆರು ಲಕ್ಷದ ಸೈಟಿಗೆ ಅದು ನೂರಕ್ಕೆ ಇಪ್ಪತ್ತು. ಅಂದರೆ ರೇಟು ವರ್ಷಕ್ಕೆ ಇಪ್ಪತ್ತರಷ್ಟು ಏರಿದರೆ ನಾವು ಇದ್ದಲ್ಲೇ ಇರುತ್ತೇವೆ, ಏರದಿದ್ದರೆ ಎರಡೂವರೆ ವರ್ಷದಲ್ಲಿ ಮತ್ತೆ ಮೂರು ಲಕ್ಷ ಹೋಗಿರುತ್ತದೆ, ಸೈಟು ಅಲ್ಲೇ ಜಾಲಿ ಬೆಳೆಸಿಕೊಂಡು ಬಿದ್ದಿರುತ್ತದೆ.

ಮಾರುವುದೂ ಸುಲಭ ಇರಲಿಲ್ಲ. ಆಗಿನ ಒಂದು ವಿಚಿತ್ರ ಹೇಳಬೇಕು. ರೇಟು ಬಿದ್ದಿದೆ ಅಂತ ಯಾರೂ ಹೇಳುತ್ತಿರಲಿಲ್ಲ. ಪಕ್ಕದ ಸೈಟಿನವರನ್ನು ಕೇಳಿದರೆ "ಒಂಬತ್ತೂವರೆ" ಅನ್ನುತ್ತಿದ್ದರು, ಆದರೆ ಕೊಳ್ಳುವವರೇ ಇಲ್ಲ. ಬಾಯಲ್ಲಿ ಹಳೇ ರೇಟು, ರಿಜಿಸ್ಟರ್ ಆಫೀಸು ಖಾಲಿ. ಆರು ಲಕ್ಷ ಅಂತ ನಾವು ಬಾಯಿ ಬಿಟ್ಟಾಗ ಅದೇ ಲೇಔಟಿನವರೊಬ್ಬರು ಮನೆಗೇ ಬಂದು, ನೀವು ಇಷ್ಟಕ್ಕೆ ಕೊಟ್ಟರೆ ನಮ್ಮೆಲ್ಲರ ರೇಟು ಕೆಡುತ್ತದೆ ಅಂತ ಜಗಳ ಮಾಡಿದರು. ಅವರ ಬಡ್ಡಿಯನ್ನು ನಾವು ಕಟ್ಟುವುದಿಲ್ಲ, ನಮ್ಮ ಬಡ್ಡಿಯನ್ನು ಅವರು ಕಟ್ಟುವುದಿಲ್ಲ. ಅಣ್ಣನೇ ಅವರಿಗೆ ಹಾಗೆ ಹೇಳಿ ಕಳಿಸಿದ, ಅದು ನನಗೆ ಖುಷಿ ಆಯ್ತು.

ಕೊನೆಗೆ ತೋರಣಗಲ್ಲಿನ ಕಾರ್ಖಾನೆಯಲ್ಲಿ ನೌಕರಿ ಇದ್ದ ಒಬ್ಬರು ಕೊಂಡರು. ತಿಂಗಳ ಸಂಬಳ ಇದ್ದವರಿಗೆ ಮಾತ್ರ ಆಗ ಧೈರ್ಯ ಇತ್ತು. ಐದೂ ಮುಕ್ಕಾಲಿನಿಂದ ಶುರು ಮಾಡಿ ಆರಕ್ಕೆ ಬಂದರು. ಐದು ಲಕ್ಷ ಅದೇ ದಿನ ಸಾಲ ಕೊಟ್ಟವರಿಗೆ ಹೋಯಿತು, ಸಾಲಕ್ಕೆ ಬರೆದುಕೊಟ್ಟಿದ್ದ ಪ್ರೋನೋಟು ವಾಪಸ್ ತಂದೆವು.

ಉಳಿದ ಒಂದು ಲಕ್ಷದಲ್ಲಿ ಲಾರಿ ಬಾಕಿ ಸ್ವಲ್ಪ ಕಟ್ಟಿಬಿಡೋಣ ಅಂತ ಅಣ್ಣ, ಬೇಡ ಅಂತ ನಾನು. ಮೊದಲು ಮನೆ ಸಾಲದ ಬ್ಯಾಂಕಿಗೆ ಹೋದೆವು. ಅಲ್ಲಿವರೆಗೆ ಒಂದು ಕಂತೂ ತಪ್ಪಿಸಿರಲಿಲ್ಲ, ಅದಕ್ಕೇ ಇರಬೇಕು, ಮ್ಯಾನೇಜರು ಕೂರಿಸಿ ಮಾತಾಡಿದರು. ನಮ್ಮ ಕಂತು ಸುಮಾರು 14 ಸಾವಿರ. ಬಡ್ಡಿ ಏರಿದಾಗ ಬ್ಯಾಂಕು ಕಂತು ಏರಿಸದೆ ಅವಧಿ ಉದ್ದ ಮಾಡಿತ್ತು. ಸ್ಟೇಟ್‌ಮೆಂಟ್ ತೋರಿಸಿದರು: ಆ 14 ಸಾವಿರದಲ್ಲಿ ಅಸಲಿಗೆ ಹೋಗುತ್ತಿದ್ದದ್ದು ನೂರು ರೂಪಾಯಿಯೂ ಇಲ್ಲ. ಹದಿನಾಲ್ಕೂವರೆ ಲಕ್ಷಕ್ಕೆ 11.5ರಂತೆ ತಿಂಗಳ ಬಡ್ಡಿಯೇ 13,900ರ ಹತ್ತಿರ. ಪ್ರತಿ ತಿಂಗಳೂ ತಪ್ಪದೆ ಕಟ್ಟುತ್ತಿದ್ದೆವು, ಸಾಲ ಮಾತ್ರ ಅಲುಗುತ್ತಿರಲಿಲ್ಲ. ಬದಲಾಗುವ ಬಡ್ಡಿಯ ಸಾಲ ಇರುವವರು ವರ್ಷಕ್ಕೊಮ್ಮೆಯಾದರೂ ಈ ಒಂದು ಹಾಳೆ ಕೇಳಿ ತೆಗೆದುಕೊಳ್ಳಿ.

ಕಂತನ್ನು ಹದಿನೈದೂವರೆ ಸಾವಿರಕ್ಕೆ ಏರಿಸಿಕೊಂಡೆವು. ಒಂದು ಲಕ್ಷವನ್ನು ಅದೇ ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟೆವು, ಆರು ತಿಂಗಳ ಕಂತು ಅಂತ ಲೆಕ್ಕ. ಅತ್ತಿಗೆ ಜೀನ್ಸ್ ಹೊಲಿಯುವ ಯೂನಿಟ್ಟಿಗೆ ಸೇರಿದರು. ಅಣ್ಣ ಒಂದು ಭತ್ತದ ಮಿಲ್ಲಿನ ಗಾಡಿ ಓಡಿಸಲು ಹೋದ, ಸಿರುಗುಪ್ಪ ಕಡೆ. ಮಾಲೀಕ ಆಗಿದ್ದವನು ಡ್ರೈವರ್ ಆದ ಅಂತ ನೆಂಟರು ಆಡಿಕೊಂಡರು. ಆಡಿಕೊಂಡವರಲ್ಲಿ ಯಾರೂ ಕಂತು ಹೇಗೆ ಕಟ್ಟುತ್ತೀರಿ ಅಂತ ಕೇಳಲಿಲ್ಲ. ಲಾರಿ ಬಾಕಿಯನ್ನು ಮಾತಾಡಿ ಕಮ್ಮಿ ಮಾಡಿಸಿ ಮುಗಿಸಿದ್ದೂ ಅವನೇ, ಬಹಳ ದಿನ ಹಿಡಿಯಿತು.

2012ರ ಸೆಪ್ಟೆಂಬರಿನಲ್ಲಿ 'ಎ' ವರ್ಗದ, ಅಂದರೆ ನಿಯಮ ಮೀರದ ಅಥವಾ ತೀರಾ ಕಮ್ಮಿ ಮೀರಿದ, ಕೆಲವು ಗಣಿಗಳಿಗೆ ಕೋರ್ಟು ಅನುಮತಿ ಕೊಟ್ಟಿತು. ಅಣ್ಣ ಪೇಪರ್ ತಂದು ನನ್ನ ಮುಂದೆ ಇಟ್ಟ, "ನೋಡಿದ್ಯಾ, ಓಪನ್ ಆಯ್ತು." ಆದರೆ 2013ರ ಏಪ್ರಿಲ್ ತೀರ್ಪಿನಲ್ಲಿ ಅತಿ ಹೆಚ್ಚು ನಿಯಮ ಮೀರಿದ 'ಸಿ' ವರ್ಗದ ಗುತ್ತಿಗೆಗಳೇ ರದ್ದಾದವು, ಜಿಲ್ಲೆಯ ಅದಿರಿಗೆ ವರ್ಷಕ್ಕೆ ಎರಡೂವರೆ ಕೋಟಿ ಟನ್ನಿನ ಮಿತಿ ಬಂತು. ಹಳೇ ಓಟ ಬರಲಿಲ್ಲ. ಸೈಟಿನ ರೇಟು ಒಂಬತ್ತು ಮುಟ್ಟಲು ಇನ್ನೂ ಎಷ್ಟೋ ವರ್ಷ ಬೇಕಾಯಿತು. ಈಗ ಅದು ಅದಕ್ಕಿಂತ ಬಹಳ ಮೇಲಿದೆ. ಆ ಕಡೆ ಬೈಕಿನಲ್ಲಿ ಹೋದಾಗೆಲ್ಲ ಅಣ್ಣ ಆ ಮೂಲೆ ಸೈಟಿನ ಮುಂದೆ ಗಾಡಿ ನಿಧಾನ ಮಾಡಿ ಇವತ್ತಿನ ರೇಟು ಹೇಳುತ್ತಾನೆ. ನಾನು ಅಷ್ಟು ವರ್ಷದ ಬಡ್ಡಿ ಎಷ್ಟಾಗುತ್ತಿತ್ತು ಅಂತ ಹೇಳುತ್ತೇನೆ. ನೀನು ಬಡ್ಡಿ ಬಿಟ್ಟು ಬೇರೆ ಏನೂ ಮಾತಾಡಲ್ಲ ಅಂತ ಬೈಯುತ್ತಾನೆ.