ಬ್ರೇಕ್ ಇಲ್ಲದ ಬೈಕ್ ಓಡಿಸೋಕೆ ಧೈರ್ಯ ಒಂದಿದ್ದರೆ ಸಾಕಾ?

ಸ್ಪೀಡ್‌ವೇ ರೇಸ್ ಬಗ್ಗೆ ಮಾತು ತೆಗೆದಾಗಲೆಲ್ಲ ನನಗೆ ಈ ಪ್ರಶ್ನೆ ಬರುತ್ತದೆ: "ಬ್ರೇಕೇ ಇಲ್ಲದ ಬೈಕಿನಲ್ಲಿ ಸುತ್ತು ಹೊಡೆಯೋಕೆ ಭಂಡಧೈರ್ಯ ಇದ್ದರೆ ಸಾಕಲ್ವಾ?" ಖಂಡಿತ ಸಾಲದು. ಬೇಕಿದ್ದರೆ ಈ ಆಟದಲ್ಲಿ ಆರು ಸಲ ವಿಶ್ವ ಚಾಂಪಿಯನ್ ಆದ ನ್ಯೂಜಿಲೆಂಡಿನ ಐವನ್ ಮೇಜರ್ ಅವರನ್ನು ನೋಡಿ.

ಮೊದಲು ಆಟ ಹೇಗೆ ಅಂತ ಹೇಳುತ್ತೇನೆ. 500 ಸಿಸಿ ಬೈಕು, ಒಂದೇ ಗೇರು, ಕುಡಿಯುವುದು ಮೆಥನಾಲ್ ಅನ್ನುವ ಇಂಧನ. ಮಣ್ಣಿನ ಟ್ರ್ಯಾಕಿನಲ್ಲಿ ಒಂದು ಹೀಟ್‌ಗೆ, ಅಂದರೆ ಒಂದು ರೇಸಿಗೆ, ನಾಲ್ವರು, ನಾಲ್ಕು ಸುತ್ತು, ತಿರುವೆಲ್ಲ ಎಡಕ್ಕೇ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಬೇಕಂತಲೇ ಹೊರಕ್ಕೆ ಜಾರಿಸಬೇಕು. ಎಡಗಾಲಿನ ಬೂಟಿಗೆ ಉಕ್ಕಿನ ತಳ ಕಟ್ಟಿರುತ್ತದೆ, ಅದು ನೆಲ ಉಜ್ಜಿಕೊಂಡೇ ಹೋಗುತ್ತದೆ. ಸುಮಾರು ಒಂದು ನಿಮಿಷದಲ್ಲಿ ಎಲ್ಲ ಮುಗಿಯಿತು. ಗೆದ್ದವರಿಗೆ 3 ಅಂಕ, ಆಮೇಲೆ 2, 1, ಕೊನೆಯವರಿಗೆ ಸೊನ್ನೆ.

ಮುಂದಿರುವ ಬೈಕು ಎರಚುವ ಮಣ್ಣು ಹಿಂದಿನವರ ಮುಖಕ್ಕೇ ಬಡಿಯುತ್ತದೆ. ಅದಕ್ಕೇ ಶುರುವಿನ ಗೆರೆಯಲ್ಲಿ ಅಡ್ಡ ಕಟ್ಟಿದ ಟೇಪು ಮೇಲೆದ್ದ ಕ್ಷಣದಲ್ಲಿ ಕ್ಲಚ್ ಹೇಗೆ ಬಿಡುತ್ತೀರಿ ಅನ್ನುವುದರಲ್ಲೇ ಅರ್ಧ ರೇಸ್ ಇದೆ. ಜಾಸ್ತಿ ಆಯಿತೋ, ಮುಂದಿನ ಚಕ್ರ ಮೇಲೇಳುತ್ತದೆ, ಇಲ್ಲವೇ ಹಿಂದಿನದು ಸುಮ್ನೆ ನಿಂತಲ್ಲೇ ತಿರುಗುತ್ತದೆ. ಮೇಜರ್ ತಮ್ಮ ಶಿಸ್ತು, ತಯಾರಿಯನ್ನೆಲ್ಲ ಈ ಕ್ಷಣಕ್ಕೆ ಸುರಿದರು ಅಂತ ನನಗನ್ನಿಸುತ್ತದೆ.

ಅವರು ಹುಟ್ಟಿದ್ದು 1939ರಲ್ಲಿ, ಕ್ರೈಸ್ಟ್‌ಚರ್ಚ್‌ನಲ್ಲಿ. ಹದಿಹರೆಯದಲ್ಲೇ ಹೆಂಡತಿ ರೇ ಜೊತೆ ಇಂಗ್ಲೆಂಡಿಗೆ ಹೋಗಿ ವಿಂಬಲ್ಡನ್ ತಂಡ ಸೇರಿದರು. ಅಲ್ಲಿ ನೆಲೆ ಸಿಗದೆ ಊರಿಗೆ ವಾಪಸಾದರು. ಧೈರ್ಯ ಆಗಲೂ ಇತ್ತಲ್ಲ! 1963ರಲ್ಲಿ ಮತ್ತೆ ಹೋಗಿ ನ್ಯೂಕಾಸಲ್ ತಂಡ ಸೇರಿದ ಮೇಲೆ ಅವರ ದಾರಿ ತೆರೆಯಿತು.

ಆಗ ವಿಶ್ವ ಚಾಂಪಿಯನ್ ಯಾರು ಅನ್ನುವುದು ಒಂದೇ ಕೂಟದಲ್ಲಿ ತೀರ್ಮಾನವಾಗುತ್ತಿತ್ತು. 16 ಸವಾರರು, ಒಬ್ಬೊಬ್ಬರಿಗೆ ಐದೇ ರೇಸ್. ಒಂದು ಸಲ ಎಡವಿದರೂ ಇಡೀ ವರ್ಷದ ದುಡಿಮೆ ಹೋದಂತೆಯೇ. ಇಂಥ ಫೈನಲ್‌ಗಳನ್ನು ಮೇಜರ್ 1968, 1969, 1970ರಲ್ಲಿ ಸಾಲಾಗಿ ಗೆದ್ದರು: ಸ್ವೀಡನ್ನಿನ ಗೋಥೆನ್‌ಬರ್ಗ್, ಲಂಡನ್ನಿನ ವೆಂಬ್ಲಿ, ಪೋಲೆಂಡಿನ ವ್ರೋಟ್ಸ್ವಾಫ್. 1972ರಲ್ಲಿ ಮತ್ತೆ ಗೆದ್ದರು. ಗೆಲ್ಲದ 1971, 1973, 1974ರಲ್ಲಿ ಎರಡನೇ ಸ್ಥಾನ. ಏಳು ವರ್ಷ ಎರಡಕ್ಕಿಂತ ಕೆಳಗೆ ಇಳಿಯಲೇ ಇಲ್ಲ! ಆರು ಪಟ್ಟಗಳಿಗಿಂತ ನನಗೆ ಇದೇ ದೊಡ್ಡದು. ಬರೀ ಭಂಡಧೈರ್ಯದವರು ಒಂದು ವರ್ಷ ಗೆದ್ದು ಮುಂದಿನ ವರ್ಷ ಬೇಲಿಗೆ ಗುದ್ದುತ್ತಾರೆ.

ಆ ಸೋಲುಗಳೂ ಸಣ್ಣವಲ್ಲ. 1971ರಲ್ಲಿ ಗೆದ್ದ ಡೆನ್ಮಾರ್ಕಿನ ಓಲೆ ಓಲ್ಸನ್ ಮೇಜರ್ ಹತ್ತಿರವೇ ಕಲಿತವರು. 1973ರಲ್ಲಿ ಖೋಜೂಫ್‌ನಲ್ಲಿ ಪೋಲೆಂಡಿನ ಯೆಜಿ ಶ್ಚಾಕಿಯೆಲ್ ಜೊತೆ ಅಂಕ ಸಮವಾಯಿತು. ಪಟ್ಟಕ್ಕಾಗಿ ಇಬ್ಬರೇ ಇನ್ನೊಂದು ರೇಸ್ ಓಡಿದರು. ಹಿಂದಿಕ್ಕಲು ಹೋದ ಮೇಜರ್ ಬಿದ್ದರು. ಆಮೇಲೆ ಐದನೇ ಪಟ್ಟಕ್ಕೆ 1977ರವರೆಗೆ ಕಾಯಬೇಕಾಯಿತು. ಆರನೆಯದು ಬಂದಿದ್ದು 1979ರಲ್ಲಿ, ಅದೇ ಖೋಜೂಫ್‌ನಲ್ಲಿ, 40 ತುಂಬುವ ಸ್ವಲ್ಪ ಮೊದಲು.

"ಸ್ವೀಡನ್ನಿನ ಟೋನಿ ರಿಕಾರ್ಡ್‌ಸನ್ ಕೂಡ ಆರು ಸಲ ಗೆದ್ದಿದ್ದಾರಲ್ಲ?" ಅಂತಲೂ ಕೇಳುತ್ತಾರೆ. ನಿಜ, ಅವರೂ ಅಪ್ಪಟ ಚಾಂಪಿಯನ್. ಆದರೆ 1995ರಿಂದ ಪಟ್ಟವನ್ನು ಹಲವು ಕೂಟಗಳ ಗ್ರ್ಯಾನ್ ಪ್ರಿ ಸರಣಿಯ ಒಟ್ಟು ಅಂಕದಿಂದ ಕೊಡುತ್ತಾರೆ. ಒಂದು ಕೂಟ ಕೆಟ್ಟರೆ ಮುಂದಿನದರಲ್ಲಿ ಸರಿಮಾಡಿಕೊಳ್ಳಬಹುದು. ರಿಕಾರ್ಡ್‌ಸನ್ 1994ರ ಪಟ್ಟವನ್ನು ಮಾತ್ರ ಹಳೆಯ ಪದ್ಧತಿಯಲ್ಲಿ ಗೆದ್ದರು. ಮೇಜರ್ ಆರನ್ನೂ ಹಾಗೇ ಗೆದ್ದವರು. ಆದ್ದರಿಂದ ಇಬ್ಬರಲ್ಲಿ ಯಾರು ಮೇಲು ಅಂದರೆ ನನ್ನ ಮತ ಮೇಜರ್ ಅವರಿಗೇ.