ಜೂಚೆ ಗೋಪುರದ ಮೇಲೆ ಒಂದು ಬೆಳಗ್ಗೆ

ಬೀಜಿಂಗಲ್ಲಿ ಕೆಲಸ ಮಾಡ್ತಿದ್ದಾಗ, 2018ರ ಸೆಪ್ಟೆಂಬರಲ್ಲಿ, ಒಂದು ಟೂರ್ ಗ್ರೂಪ್ ಜೊತೆ ಉತ್ತರ ಕೊರಿಯಾದ ರಾಜಧಾನಿ ಪ್ಯೊಂಗ್ಯಾಂಗ್‌ಗೆ ಹೋಗಿದ್ದೆ. ಜೂಚೆ ಅನ್ನೋದು ಆ ದೇಶದ ಸ್ವಾವಲಂಬನೆ ಸಿದ್ಧಾಂತ, ವರ್ಷದ ಎಣಿಕೆಗೂ ಅದೇ ಹೆಸರು. ಅವರ ಆಗಿನ ಲೆಕ್ಕದಲ್ಲಿ ಅದು ಜೂಚೆ 107ನೇ ವರ್ಷ, ದೇಶ ಕಟ್ಟಿದ ನಾಯಕ ಕಿಮ್ ಇಲ್ ಸುಂಗ್ ಹುಟ್ಟಿದ 1912ರಿಂದ ಎಣಿಕೆ ಶುರು.

ತೇದೊಂಗ್ ನದಿ ದಂಡೇಲಿ ಜೂಚೆ ಗೋಪುರ ಇದೆ, 170 ಮೀಟರ್, ತುದೀಲಿ ಕೆಂಪು ಪಂಜು. 1982ರಲ್ಲಿ ಕಿಮ್ ಇಲ್ ಸುಂಗ್‌ಗೆ 70 ತುಂಬಿದಾಗ ಕಟ್ಟಿದ್ದು, 25,550 ಕಲ್ಲು, ಅಂದ್ರೆ ಬದುಕಿದ ದಿನಕ್ಕೊಂದು. ನಮ್ಮ ಗೈಡ್ ಹೆಂಗಸು, ಹೆಚ್ಚುಕಮ್ಮಿ ನನ್ನದೇ ವಯಸ್ಸು, ಮೇಲೆ ನಿಂತು ಹೇಳಿದ್ರು, ಜೂಚೆ ಅಂದ್ರೆ ನಮಗೆ ನಾವೇ ಒಡೆಯರು, ರಾಜಕೀಯದಲ್ಲಿ ಯಾರಿಗೂ ತಲೆ ಬಾಗ್ಸಲ್ಲ, ಹೊಟ್ಟೆಬಟ್ಟೆಗೆ ಯಾರ ಮುಂದೂ ಕೈ ಒಡ್ಡಲ್ಲ, ದೇಶ ಕಾಯೋಕೆ ಯಾರನ್ನೂ ನೆಚ್ಚಿಕೊಳ್ಳಲ್ಲ ಅಂತ. ನಿಜ ಹೇಳ್ತೀನಿ, ನನಗೆ ಮೈ ಜುಮ್ ಅಂತು. 1910ರಿಂದ 45ರವರೆಗೆ ಜಪಾನಿನವರ ಕೈಕೆಳಗಿದ್ದು, ತಮ್ಮ ಹೆಸರುಗಳನ್ನೂ ಜಪಾನಿ ಮಾಡ್ಕೋಬೇಕಾಗಿ ಬಂದು, ಆಮೇಲೆ ಕೊರಿಯಾ ಯುದ್ಧದಲ್ಲಿ ಇಡೀ ಊರು ಬಾಂಬಿಗೆ ನೆಲಸಮ ಆಗಿ, ಅಂಥ ಜನಕ್ಕೆ ಈ ಮಾತು ಎಷ್ಟು ಬೇಕಿತ್ತೋ, ಸ್ವದೇಶಿ ಚಳವಳಿ ಕಥೆ ಕೇಳಿ ಬೆಳೆದ ನಮಗೆ ಅರ್ಥ ಆಗದೇ ಇರುತ್ತಾ?

ಆದ್ರೆ ಅಲ್ಲೇ ನಿಂತು ಇನ್ನೊಂದು ವಿಷಯಾನೂ ತಲೇಲಿ ಓಡ್ತಿತ್ತು. ಆ ದೇಶದ ಬಹುಪಾಲು ಬೆಟ್ಟ, ಉಳುಮೆ ಜಾಗ ಕಮ್ಮಿ. ಇರೋ ಗದ್ದೆಗೆ ರಸಗೊಬ್ಬರ ಬೇಕು, ನೀರೆತ್ತೋಕೆ ಪಂಪು ಬೇಕು, ಇದೆಲ್ಲ ನಡೀತಿದ್ದಿದ್ದು ಸೋವಿಯತ್ ಮತ್ತು ಚೀನಾ ಅಗ್ಗಕ್ಕೆ ಕೊಡ್ತಿದ್ದ ಎಣ್ಣೆ, ಸಾಮಾನಿನ ಮೇಲೆ. 1991ರಲ್ಲಿ ಸೋವಿಯತ್ ಒಕ್ಕೂಟಾನೇ ಹೋಯ್ತು, ಗೊಬ್ಬರ ಇಲ್ಲ, ಕರೆಂಟಿಲ್ಲ, 95ರಲ್ಲಿ ಪ್ರವಾಹ ಬೇರೆ, ಲಕ್ಷಗಟ್ಟಲೆ ಜನ ಹಸಿವಿಂದ ಸತ್ತರು. ಕೊನೆಗೆ ಹೊರಗಿನವರ ಹತ್ರಾನೇ ಅಕ್ಕಿ ಕೇಳಬೇಕಾಯ್ತು. ಯಾರ ಹಂಗೂ ಇಲ್ಲ ಅಂತ ಕಲ್ಲಲ್ಲಿ ಕಟ್ಟಿದ್ದ ಕಾಲದಲ್ಲೂ ಹಂಗು ಇತ್ತು, ಅದನ್ನ ಜನಕ್ಕೆ ಬಾಯಿಬಿಟ್ಟು ಹೇಳಲಿಲ್ಲ, ಇದೇ ನನಗೆ ಇವತ್ತಿಗೂ ಸಂಕಟ.

ತಡೀಲಾರದೆ ಕೇಳೇಬಿಟ್ಟೆ, ತೊಂಬತ್ತರ ದಶಕದಲ್ಲಿ ನಿಮ್ಮ ಮನೇಲಿ ಹೇಗಿತ್ತು ಅಂತ. ಕೇಳಬಾರದಿತ್ತು, ಪಕ್ಕದಲ್ಲೇ ಇನ್ನೊಬ್ಬ ಗೈಡ್ ಇದ್ದರು, ಇವರಿಗೆ ತೊಂದ್ರೆ ಆಗಬಹುದು ಅಂತ ಆಮೇಲೆ ಹೊಳೀತು. ಅವರು ಸ್ವಲ್ಪ ಹೊತ್ತು ನದಿ ಕಡೆ ನೋಡ್ತಾ ನಿಂತರು.

"ಆಗ ನಾನಿನ್ನೂ ಸ್ಕೂಲಲ್ಲಿದ್ದೆ" ಅಂದ್ರು ಅಷ್ಟೇ, ಲಿಫ್ಟಿನ ಬಟನ್ ಒತ್ತಿದರು.