ಲ್ಯಾಬ್ ಹುಡುಗನ ಹೆಸರು

ಹೋದ ಭಾನುವಾರ ರಾತ್ರಿ ಎಂಟು ಗಂಟೆಗೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದ್ದೆ, ಬೆಂಗಳೂರಿನ ಹನುಮಂತನಗರದಲ್ಲಿ ಆಗ ಸೋಮವಾರ ಬೆಳಗ್ಗೆ ಆರೂವರೆ. ಅಮ್ಮ ಫೋನನ್ನ ಸಕ್ಕರೆ ಡಬ್ಬಕ್ಕೆ ಒರಗಿಸಿ "ತಾಳು, ರಕ್ತ ತಗೊಳ್ಳೋಕೆ ಲ್ಯಾಬ್ ಹುಡುಗ ಬಂದಿದಾನೆ, ಕಟ್ ಮಾಡ್ಬೇಡ" ಅಂದ್ಲು. ನಾನ್ಯಾಕೆ ಕಟ್ ಮಾಡ್ಲಿ, ಇಲ್ಲಿ ಅಮೆರಿಕದಲ್ಲಿ ನಾನೂ ರಕ್ತ ತೆಗೆಯೋದನ್ನೇ ಕಲೀತಿದೀನಿ, ಈಗ ನನಗೆ ಇದಕ್ಕಿಂತ ದೊಡ್ಡ ಸಿನಿಮಾ ಇನ್ನೊಂದಿಲ್ಲ. ಏಳು ವರ್ಷದ ಮಗಳೂ ಓಡಿ ಬಂದು ತೊಡೆ ಮೇಲೆ ಕೂತ್ಲು.

ಹುಡುಗನ ಮುಖ ಕಾಣ್ತಿರ್ಲಿಲ್ಲ, ಮಾಸ್ಕ್ ಬೇರೆ ಹಾಕಿದ್ದ. ಕಂಡಿದ್ದು ಅಮ್ಮನ ಕೈ, ಅವನ ನೀಲಿ ಗ್ಲೌಸು ಅಷ್ಟೆ. ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದ, ತೋರುಬೆರಳಲ್ಲಿ ಒತ್ತಿ ನೋಡಿದ, ಸ್ಪಿರಿಟ್ ಒರೆಸಿ ಅದು ಒಣಗೋ ತನಕ ಕಾದ (ಅಬ್ಬಾ, ನಮ್ಮ ಕ್ಲಾಸಲ್ಲೇ ಅರ್ಧ ಜನ ಕಾಯಲ್ಲ, ಬಯ್ಸ್ಕೋತಾರೆ), ಒಂದೇ ಸಲಕ್ಕೆ ಸೂಜಿ, ಎರಡು ಟ್ಯೂಬು, ಹತ್ತಿ, ಬ್ಯಾಗ್ ಎತ್ಕೊಂಡು ಹೊರಟೇಬಿಟ್ಟ. ನಾನು ಮನಸ್ಸಲ್ಲೇ ಮಾರ್ಕ್ಸ್ ಹಾಕ್ತಿದ್ದೆ. ಆಗ ಮಗಳು "ಅಮ್ಮಾ, ಅವ್ರು ಅಜ್ಜಿ ಹೆಸರೇ ಕೇಳ್ಲಿಲ್ಲ" ಅಂದ್ಲು.

ಮೂರು ತಿಂಗಳಿಂದ ಅವಳೇ ನನ್ನ ಪೇಷಂಟು, ಅದಕ್ಕೇ ಅವಳಿಗೆ ಎಲ್ಲಾ ಬಾಯಿಪಾಠ. ಕಾಲೇಜಿನ ಹೊರಗೆ ಸೂಜಿ ಮುಟ್ಟೋ ಹಾಗಿಲ್ಲ, ಅದಕ್ಕೆ ಮನೇಲಿ ಬರೀ ಪಟ್ಟಿ ಕಟ್ಟಿ ಬಿಚ್ಚಿ, ಖಾಲಿ ಟ್ಯೂಬ್ ತಿರುಗಿಸಿ, ಮಾತು ಪ್ರಾಕ್ಟೀಸ್ ಮಾಡೋದು. ಮೊದಲನೇ ಮಾತೇ ನಿಮ್ಮ ಪೂರ್ತಿ ಹೆಸರು ಹೇಳಿ, ಹುಟ್ಟಿದ ತಾರೀಖು ಹೇಳಿ. "ನೀವು ಇಂಥೋರಲ್ವಾ" ಅಂತ ಕೇಳೋ ಹಾಗಿಲ್ಲ, ನಿದ್ದೆಗಣ್ಣಲ್ಲಿರೋರು ಏನಕ್ಕಾದ್ರೂ ಹೂಂ ಅಂತಾರೆ, ಇನ್ನೊಬ್ಬರ ರಕ್ತ ಇವರ ಹೆಸರಲ್ಲಿ ಹೋದ್ರೆ ಮುಗೀತು ಕಥೆ. ಅದನ್ನ ಮರೆತು ಎಷ್ಟು ನೀಟಾಗಿ ಚುಚ್ಚಿದ್ರೂ ನಮ್ಮ ಮೇಡಂ ಹತ್ರ ಸೊನ್ನೆ. (ಅಮ್ಮನಿಗೆ ಹುಟ್ಟಿದ ತಾರೀಖು ಕೇಳಿದ್ರೆ ಇನ್ನೊಂದು ತಮಾಷೆ. ಹುಟ್ಟಿದ್ದು ರಾಮನವಮಿ ಮಾರನೇ ದಿನ, ಸ್ಕೂಲಲ್ಲಿ ಮೇಷ್ಟ್ರು ಬರೆದಿದ್ದು ಜೂನ್ 1.)

"ಅವನಿಗೆ ನಾನು ಗೊತ್ತಲ್ಲ ಪುಟ್ಟಿ, ಎಷ್ಟ್ ವರ್ಷದಿಂದ ಬರ್ತಿದಾನೆ, ತಾತನಿಗೂ ಇವನೇ ಬರ್ತಿದ್ದಿದ್ದು" ಅಂದ್ಲು ಅಮ್ಮ.

"ಹಂಗಾದ್ರೆ ಅವ್ರ ಹೆಸ್ರೇನು ಅಜ್ಜಿ?"

ಅಮ್ಮ ಹತ್ತಿ ಒತ್ಕೊಂಡು ಸ್ವಲ್ಪ ಹೊತ್ತು ಯೋಚನೆ ಮಾಡಿ "ಹೆಸ್ರು... ಲ್ಯಾಬ್ ಹುಡುಗ ಕಣೇ" ಅಂದ್ಲು. ಮಗಳು ನನ್ನ ಮುಖ ನೋಡಿದ್ಲು. ನಾನೇನು ಹೇಳ್ಲಿ, ನನ್ನ ಫೋನಲ್ಲಿ 2019ರಿಂದ ಆ ನಂಬರ್ "ಅಪ್ಪ ಬ್ಲಡ್ ಟೆಸ್ಟ್" ಅಂತಾನೇ ಇದೆ.

ಆವತ್ತಿಂದ ಇದೇ ತಲೇಲಿ ಕೊರೀತಾ ಇದೆ. ಯಾಕಂದ್ರೆ ಈಗ ಆ ಲ್ಯಾಬ್ ಹುಡುಗ ನಾನೇ. ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ಮಾಡ್ತಿರೋ ಕೋರ್ಸಿನ ಹೆಸರು ಕ್ಲಿನಿಕಲ್ ಮೆಡಿಕಲ್ ಅಸಿಸ್ಟೆಂಟ್, ಬಿಪಿ ನೋಡು, ಇಸಿಜಿ ತೆಗಿ, ಇಂಜೆಕ್ಷನ್ ಕೊಡು, ರಕ್ತ ತೆಗಿ, ಫೋನ್ ಬಂದ್ರೆ ಎತ್ತು, ಎಲ್ಲಾ ಸೇರಿ ಒಂದು ಕೆಲಸ. ಬೆಂಗಳೂರಲ್ಲಿ ಎಂಟು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ, ಇಲ್ಲಿ ಬಂದು ವರ್ಕ್ ಪರ್ಮಿಟ್ಟಿಗೆ ಕಾದು ಕಾದು ಕೊನೆಗೆ ಇದಕ್ಕೆ ಸೇರ್ಕೊಂಡೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ, "ಚುಚ್ಚೋಕಾ ಬಿಇ ಓದ್ಸಿದ್ದು?" ನೆಂಟರಿಗೆಲ್ಲಾ "ಅವಳು ಆಸ್ಪತ್ರೆ ಕಡೆ ಏನೋ ಓದ್ತಿದಾಳೆ" ಅಂತಾಳಂತೆ, ಚಿಕ್ಕಮ್ಮ ನಾನು ಡಾಕ್ಟರ್ ಆಗ್ತಿದೀನಿ ಅನ್ಕೊಂಡು ಕಂಗ್ರಾಟ್ಸ್ ಮೆಸೇಜ್ ಕಳಿಸಿದ್ರು. ನಾನೂ ತಿದ್ದಲಿಲ್ಲ ಬಿಡಿ, ಥ್ಯಾಂಕ್ಯೂ ಚಿಕ್ಕಮ್ಮ ಅಂತ ಕೈಮುಗಿಯೋ ಇಮೋಜಿ ಹಾಕ್ದೆ.

ಚುಚ್ಚೋದು ಅಷ್ಟು ಸುಲಭ ಇಲ್ಲ ಮಾರಾಯ್ರೆ. ನಾವು "ನರ ಸಿಗ್ತಿಲ್ಲ" ಅಂತೀವಲ್ಲ, ಅದನ್ನ ಕಣ್ಣಲ್ಲಿ ಹುಡುಕೋದಲ್ಲ, ಬೆರಳಲ್ಲಿ ಹುಡುಕೋದು. ಒತ್ತಿದ್ರೆ ಸ್ಪಂಜಿನ ಹಾಗೆ ಪುಟಿದು ವಾಪಸ್ ಬರ್ಬೇಕು. ಹೆಬ್ಬೆರಳಲ್ಲಿ ನೋಡ್ಬಾರ್ದು, ಅದಕ್ಕೆ ಅದರದ್ದೇ ಮಿಡಿತ ಇರುತ್ತೆ. ಪಟ್ಟಿ ಒಂದು ನಿಮಿಷಕ್ಕಿಂತ ಜಾಸ್ತಿ ಕಟ್ಟಿರ್ಬಾರ್ದು. ಎರಡು ಸಲ ಚುಚ್ಚಿ ಸಿಗ್ಲಿಲ್ಲ ಅಂದ್ರೆ ಹಟ ಮಾಡ್ದೆ ಬೇರೆಯವರನ್ನ ಕರೀಬೇಕು. ಫ್ಲೆಬಾಟಮಿ, ಅಂದ್ರೆ ರಕ್ತ ತೆಗೆಯೋ ಕೆಲಸದ ಸರ್ಟಿಫಿಕೇಟಿಗೆ 30 ಸಲ ಕೈಯ ನರದಿಂದ, 10 ಸಲ ಬೆರಳ ತುದಿಯಿಂದ ಜೀವಂತ ಮನುಷ್ಯರ ರಕ್ತ ತೆಗೆದ ಲೆಕ್ಕ ತೋರಿಸ್ಬೇಕು, ನಂದು ಇನ್ನೂ 19ರಲ್ಲಿದೆ. ಆಮೇಲೆ ಯಾವ ಬಣ್ಣದ ಮುಚ್ಚಳದ ಟ್ಯೂಬ್ ಮೊದಲು, ಯಾವುದು ಆಮೇಲೆ ಅನ್ನೋ ಸಾಲು. ತಿಳಿ ನೀಲಿ, ಕೆಂಪು, ಹಸಿರು, ನೇರಳೆ, ಬೂದಿ. ಇದನ್ನ ಮಗ್ಗಿ ಹೇಳೋ ರಾಗದಲ್ಲಿ ಪಾತ್ರೆ ತೊಳೀತಾ ಹೇಳ್ಕೋತೀನಿ. ನೇರಳೆ ಮುಚ್ಚಳದ ಟ್ಯೂಬಲ್ಲಿ ರಕ್ತ ಹೆಪ್ಪುಗಟ್ಟಬಾರ್ದು ಅಂತ ಹಾಕಿರೋ ಕೆಮಿಕಲ್‌ನಲ್ಲಿ ಪೊಟ್ಯಾಶಿಯಂ ಇದೆ, ಅದು ಒಂಚೂರು ಮುಂದಿನ ಟ್ಯೂಬಿಗೆ ಸೇರಿದ್ರೂ ರಿಪೋರ್ಟಲ್ಲಿ ಪೊಟ್ಯಾಶಿಯಂ ಸುಳ್ಳು ಸುಳ್ಳೇ ಏರುತ್ತೆ.

ಒಂದು ದಿನ ಕ್ಲಾಸಲ್ಲಿ ಮೇಡಂ ಅದನ್ನ ಹೇಳ್ತಾ, ಪಟ್ಟಿ ಕಟ್ಟಿದ ಮೇಲೆ ಪೇಷಂಟ್ ಮುಷ್ಟಿ ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡಿದ್ರೂ ಹಿಂಗೇ ಆಗುತ್ತೆ, ಸುಮ್ನೆ ಒಂದು ಸಲ ಹಿಡ್ಕೊಳ್ಳಿ ಸಾಕು ಅನ್ನಿ ಅಂದ್ರು. ನಾನು ನೋಟ್ಸ್ ಬರೆಯೋದು ನಿಲ್ಲಿಸ್ಬಿಟ್ಟೆ.

ಅಪ್ಪನಿಗೆ ಶುಗರ್, ಕಿಡ್ನಿ ತೊಂದರೆ ಎರಡೂ ಇತ್ತು. ಕೈಯೆಲ್ಲಾ ಚುಚ್ಚಿಸ್ಕೊಂಡು ಚುಚ್ಚಿಸ್ಕೊಂಡು ನರ ಸಿಗ್ತಿರ್ಲಿಲ್ಲ. ಆ ಹುಡುಗ ಬಂದ್ರೆ ಬಿಸಿನೀರಲ್ಲಿ ಟವೆಲ್ ಅದ್ದಿ ಅಪ್ಪನ ಕೈಗೆ ಸುತ್ತಿ, ಕೆಂಗೇರಿ ಟ್ರಾಫಿಕ್ಕು, ಅವನ ತಂಗಿ ಪಿಯುಸಿ ಅಂತ ಏನೇನೋ ಮಾತಾಡಿಸ್ತಾ ಕೂರ್ತಿದ್ದ. ಅಪ್ಪ ಮಾತ್ರ ಎಲ್ಲಾ ತನಗೇ ಗೊತ್ತು ಅನ್ನೋ ಹಾಗೆ ಪಂಪ್ ಹೊಡ್ದಂಗೆ ಮುಷ್ಟಿ ಬಿಗಿದು ಬಿಚ್ಚಿ ಮಾಡೋರು. ಸಾರ್ ಬೇಡ ಸಾರ್ ಅಂತಿದ್ದ, ಯಾರು ಕೇಳ್ತಾರೆ. ಒಂದು ಸಲ ಪೊಟ್ಯಾಶಿಯಂ ಅಪಾಯ ಅನ್ನೋಷ್ಟು ಜಾಸ್ತಿ, 6.3 ಬಂತು. ರಾತ್ರೋರಾತ್ರಿ ಆಟೋ ಮಾಡ್ಕೊಂಡು ಆಸ್ಪತ್ರೆಗೆ ಓಡಿದ್ವಿ, ಅಲ್ಲಿ ಮತ್ತೆ ಟೆಸ್ಟ್ ಮಾಡಿದ್ರೆ 4.6, ನಾರ್ಮಲ್. ಮಾರನೇ ದಿನ ನಾನೇ ಅವನಿಗೆ ಫೋನ್ ಮಾಡಿ "ಕಲ್ತಿದೀರೋ ಇಲ್ವೋ ಕೆಲಸಾನ" ಅಂತ ಬೈದೆ, ಏನೇನು ಬಾಯಿಗೆ ಬಂತೋ ಎಲ್ಲಾ. ಅವನು "ಸಾರಿ ಮೇಡಂ" ಅಂದ ಅಷ್ಟೆ. ಮುಂದಿನ ತಿಂಗಳು ಮತ್ತೆ ಬಂದ, ಟವೆಲ್ ಕೇಳಿದ. ಅವನಿಗೆ ಅಂತಾನೇ ಅಮ್ಮ ಒಂದು ಸ್ಟೀಲ್ ಲೋಟ ಹಿತ್ತಲ ನಲ್ಲಿ ಹತ್ರ ಬೋರಲು ಹಾಕಿ ಇಟ್ಟಿರ್ತಿದ್ಲು, ಅದರಲ್ಲೇ ಕಾಫಿ. ನಾನೇ ಎಷ್ಟೋ ಸಲ ಅದರಲ್ಲಿ ತಂದು ಕೊಟ್ಟಿದೀನಿ, ಯಾಕೆ ಬೇರೆ ಲೋಟ ಅಂತ ಒಂದು ದಿನವೂ ಕೇಳಿರ್ಲಿಲ್ಲ. ಮೊನ್ನೆ ಇಲ್ಲಿ ಎಂಬತ್ತು ದಾಟಿದ ಒಬ್ಬರು ಅಜ್ಜಿ, ಮೊದಲ ಸಲ ನನಗೆ ನರ ತಪ್ಪಿ ಅವರಿಗೆ ನೋವಾದ್ರೂ, ಎದೆ ಮೇಲಿನ ಬ್ಯಾಡ್ಜ್ ಓದಿ ನನ್ನ ಹೆಸರನ್ನ ಮುರಿದು ಮುರಿದು ಉಚ್ಚಾರ ಮಾಡಿ "ಪರವಾಗಿಲ್ಲ, ಇನ್ನೊಂದು ಕೈ ನೋಡು" ಅಂದಾಗ ಆ ಲೋಟ ಕಣ್ಣ ಮುಂದೆ ಬಂತು.

ನಿನ್ನೆ ಅಮ್ಮನೇ ಫೋನ್ ಮಾಡಿದ್ಲು. ಊಟ ಆದ್ಮೇಲಿನ ಶುಗರ್ ನೋಡೋಕೆ ಮತ್ತೆ ಬಂದಿದ್ನಂತೆ, ಮೊಮ್ಮಗಳು ಕೇಳಿದಾಳೆ ಅಂತ ಇವಳೂ "ನಿನ್ನ ಹೆಸ್ರೇನಪ್ಪಾ" ಅಂದಳಂತೆ. ಅವನು ಹೆದರಿ "ಯಾಕಮ್ಮ, ಕಂಪ್ಲೇಂಟ್ ಮಾಡ್ತೀರಾ?" ಅಂದನಂತೆ.

"ಇವನು ಅವನಲ್ವಂತೆ ಕಣೇ. ಅವನು ಕೆಲಸ ಬಿಟ್ಟು ಎರಡು ವರ್ಷ ಆಯ್ತಂತೆ. ಮಾಸ್ಕ್ ಹಾಕ್ಕೊಂಡು ಬರ್ತಾನೆ, ಅದೇ ಬ್ಯಾಗು, ನಾನು ಅವನೇ ಅನ್ಕೊಂಡಿದ್ದೆ."

"ಅವನು ಎಲ್ಲಿದಾನಂತೆ?"

"ಇವನಿಗೂ ಗೊತ್ತಿಲ್ವಂತೆ. ಕಾಫಿ ಕುಡ್ದು ಹೋಗಪ್ಪ ಅಂದೆ, ಇನ್ನೂ ನಾಲ್ಕು ಮನೆ ಇದೆ ಅಂತ ಓಡ್ದ." ಆಮೇಲೆ ಸ್ವಲ್ಪ ತಡೆದು ಕೇಳಿದ್ಲು, "ನಿಂಗೆ ಅಲ್ಲಿ ಯಾರಾದ್ರೂ ಕಾಫಿ ಕೊಡ್ತಾರಾ?"

"ಇಲ್ಲಮ್ಮ, ಪೇಷಂಟ್ಸ್ ಹತ್ರ ಏನೂ ತಗೊಳ್ಳೋ ಹಾಗಿಲ್ಲ" ಅಂದೆ.

"ಅಯ್ಯೋ ಪಾಪ" ಅಂದ್ಲು.